ಪ್ರಾಣಿಗಳ ಸ್ಕ್ರೀನ್ ಪ್ರಿಂಟ್ ಸರಣಿ: ಬಣ್ಣಗಳು ಪಕ್ಕಾ ಕೂರಲು ಯಾವ ಮೆಶ್, ಯಾವ ಇಂಕ್ ಒಳ್ಳೆಯದು?

"ಚಿತ್ರಗಳೆಲ್ಲ ಕಂಪ್ಯೂಟರ್‌ನಲ್ಲಿ ರೆಡಿ, ಇನ್ನು ಪ್ರಿಂಟ್ ಮಾಡೋದಷ್ಟೇ ಬಾಕಿ" ಅಂತ ಬರೆದಿದ್ದೀರಿ. 8 ಪ್ರಾಣಿಗಳು, ಒಂದೊಂದಕ್ಕೆ 6 ಬಣ್ಣ, 20 ಪ್ರತಿ. ಬಣ್ಣ ಪಕ್ಕಾ ಕೂರಲು ಯಾವ ಮೆಶ್, ಯಾವ ಇಂಕ್ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನ್ನ ಮೊದಲ ಪ್ರಾಜೆಕ್ಟ್ ನೆನಪಾಯಿತು. ನಾನೂ ಡಿಸೈನ್ ವಿದ್ಯಾರ್ಥಿ, ಈಗ ಕೊನೆಯ ವರ್ಷ. ಅವತ್ತು ನಾನೂ ಇದೇ ಮಾತು ಹೇಳಿಕೊಂಡು ಓಡಾಡುತ್ತಿದ್ದೆ.

ನನ್ನ ಸರಣಿಯಲ್ಲಿ ಕನ್ನಡಕ ಹಾಕಿದ ನರಿ ಇತ್ತು, ಮಫ್ಲರ್ ಸುತ್ತಿದ ಕರಡಿ ಇತ್ತು, ಟೋಪಿ ಇಟ್ಟ ಗೂಬೆ ಇತ್ತು. ಕಂಪ್ಯೂಟರ್ ಪರದೆಯ ಮೇಲೆ ತುಂಬಾ ಮುದ್ದಾಗಿದ್ದವು. ಸ್ಕ್ರೀನ್ ಅಂದರೆ ಚೌಕಟ್ಟಿಗೆ ಬಿಗಿದ ಸಣ್ಣ ಜಾಲರಿ, ಅದೇ ಮೆಶ್. ಸ್ಕ್ವೀಜಿ ಅನ್ನುವ ರಬ್ಬರ್ ಪಟ್ಟಿಯಿಂದ ಎಳೆದು ಇಂಕನ್ನು ಅದರ ಮೂಲಕ ಕಾಗದಕ್ಕೆ ಇಳಿಸುತ್ತೇವೆ, ಒಂದು ಸಲಕ್ಕೆ ಒಂದು ಬಣ್ಣ. ಬಣ್ಣಗಳನ್ನು ಬೇರ್ಪಡಿಸುವ ಕೆಲಸವನ್ನು ಸಾಫ್ಟ್‌ವೇರ್‌ಗೆ ಬಿಟ್ಟೆ. ಅದು ಅಚ್ಚುಕಟ್ಟಾಗಿ ಮಾಡಿಕೊಟ್ಟಿತು. ನರಿಯ ಕಿತ್ತಳೆ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲೇ ಹಿನ್ನೆಲೆಯ ನೀಲಿ ಶುರು. ಒಂದರ ಮೇಲೊಂದು ಕೂದಲೆಳೆಯಷ್ಟೂ ಹಾಯ್ದಿರಲಿಲ್ಲ. ಅದನ್ನು ನೋಡಿ ಎಷ್ಟು ನೀಟಾಗಿದೆ ಅಂತ ಖುಷಿಪಟ್ಟೆ. ನನ್ನ ಪ್ರಾಜೆಕ್ಟ್ ಮುಳುಗಿದ್ದು ಅಲ್ಲೇ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ನೀಲಿ ಹಿನ್ನೆಲೆ ಎಳೆದೆ. ಹಾಳೆಯ ಮುಕ್ಕಾಲು ಭಾಗ ನೀಲಿಯೇ. ಇಂಕ್ ನೀರಿನದು. ಕಾಗದ ಅಂದರೆ ನಾರು, ನೀರು ಕುಡಿದರೆ ಉಬ್ಬುತ್ತದೆ. ಅದೂ ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬುವುದಿಲ್ಲ. ನಾರು ಮಲಗಿರುವ ದಿಕ್ಕಿಗೆ ಕಡಿಮೆ, ಅದಕ್ಕೆ ಅಡ್ಡಲಾಗಿ ಜಾಸ್ತಿ. ಒಣಗಿದಾಗ ಕುಗ್ಗುತ್ತದೆ ನಿಜ, ಆದರೆ ಮೊದಲಿದ್ದ ಅಳತೆಗೇ ವಾಪಸ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಸಣ್ಣಗೆ ಅಲೆಯಾಗಿಯೂ ನಿಲ್ಲುತ್ತದೆ. ಎರಡನೇ ಬಣ್ಣದ ಫಿಲ್ಮ್ (ಆ ಬಣ್ಣದ ಆಕಾರವನ್ನು ಕಪ್ಪಿನಲ್ಲಿ ಅಚ್ಚು ಹಾಕಿದ ಪಾರದರ್ಶಕ ಹಾಳೆ) ಮಾತ್ರ ಹಳೇ ಅಳತೆಯಲ್ಲೇ ಇತ್ತು. ಇದರ ಜೊತೆಗೆ ಮೆಶ್ ಕೂಡ ರಬ್ಬರಿನಂತೆ ಒಂಚೂರು ಹಿಗ್ಗುತ್ತದೆ. ಸ್ಕ್ವೀಜಿ ಒತ್ತಿ ಎಳೆದಷ್ಟೂ ಚಿತ್ರ ಎಳೆದ ಕಡೆಗೆ ಸರಿಯುತ್ತದೆ. ನಾನು ಮೊದಲ ಹಾಳೆಗಳಿಗೆ ಹುಮ್ಮಸ್ಸಿನಲ್ಲಿ ಜೋರಾಗಿ ಒತ್ತಿದ್ದೆ, ಕೊನೆಯವಕ್ಕೆ ತೋಳು ಸೋತು ಮೆಲ್ಲಗೆ. ಹಾಗಾಗಿ ಒಂದೊಂದು ಹಾಳೆ ಒಂದೊಂದು ಥರ ಜಾರಿತು. ಎಲ್ಲವೂ ಒಂದೇ ಕಡೆ ಜಾರಿದ್ದರೆ ಸ್ಕ್ರೀನನ್ನೇ ಸರಿಸಿ ಹೊಂದಿಸಬಹುದಿತ್ತು.

ನರಿಯ ಬೆನ್ನಿನ ಉದ್ದಕ್ಕೂ ಬಿಳಿ ಗೀರು ಬಂತು. ಹೊಟ್ಟೆಯ ಕಡೆ ಕಿತ್ತಳೆ ಹೋಗಿ ನೀಲಿಯ ಮೇಲೆ ಕೂತು ಕೆಸರಿನ ಬಣ್ಣವಾಯಿತು. ಮುಂದಿನ ಬಣ್ಣ ಇದನ್ನು ಮುಚ್ಚುತ್ತದೆ ಅಂದುಕೊಂಡು ಮುಂದುವರಿದೆ. ಮುಂದಿನ ಬಣ್ಣ ತನ್ನ ಗೀರನ್ನು ತಾನು ತಂದಿತು. ಕೊನೆಗೆ ಕಣ್ಣು. ಕಣ್ಣಿನ ಬಿಳಿ ಎರಡನೇ ಲೇಯರ್‌ನಲ್ಲಿ, ಕಪ್ಪು ಗುಡ್ಡೆ ಆರನೆಯದರಲ್ಲಿ. ಅರ್ಧ ಮಿಲಿಮೀಟರ್ ಜಾರಿದರೆ ಕರಡಿಯ ಹೊಟ್ಟೆಗೆ ಏನೂ ಆಗುವುದಿಲ್ಲ. ಆದರೆ 3 ಮಿಲಿಮೀಟರ್ ಅಗಲದ ಕಣ್ಣಿನಲ್ಲಿ ಅಷ್ಟು ಜಾರಿದರೆ ಪ್ರಾಣಿಯ ನೋಟವೇ ಬದಲಾಗುತ್ತದೆ. ನರಿ ಮಾಳಿಗೆ ನೋಡುತ್ತಿತ್ತು. ಗೂಬೆ ತನ್ನ ಕೊಕ್ಕನ್ನೇ ನೋಡುತ್ತಾ ಕೂತಿತ್ತು. ಒಟ್ಟು ಕಾಗದ, ಇಂಕ್ ಎಲ್ಲ ಹೋಗಿ, ತೋರಿಸುವಂಥ ಹಾಳೆಗಳು ಬೆರಳೆಣಿಕೆಯಷ್ಟು ಉಳಿದವು.

ಇಂಥ ಕಡೆ ಜನ "ತಪ್ಪಿನಲ್ಲೂ ಒಂದು ಚೆಂದ ಇದೆ" ಅನ್ನುತ್ತಾರೆ. ನನ್ನದರಲ್ಲಿ ಇರಲಿಲ್ಲ. ಕೆಟ್ಟ ಪ್ರಿಂಟ್ ಥರ ಕಾಣುತ್ತಿತ್ತು, ಅದು ಕೆಟ್ಟ ಪ್ರಿಂಟೇ ಆಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಒಂದೇ ಪ್ಯಾರಾದಲ್ಲಿ ಮುಗಿಸುತ್ತೇನೆ, ಯಾಕೆಂದರೆ ಅದು ನಿಮ್ಮ ಸಮಸ್ಯೆ ಅಲ್ಲ. ಕಾಗದಕ್ಕೆ ಸೆಂಟಿಮೀಟರಿಗೆ 77 ಅಥವಾ 90 ಎಳೆಯ ಮೆಶ್ ತಗೊಳ್ಳಿ. ಅಂಗಡಿಯವರು ಇಂಚಿನ ಲೆಕ್ಕ ಹೇಳಿದರೆ ಅದು ಸುಮಾರು 195, 230. 43 ಎಳೆಯದು ಬಟ್ಟೆಗೆ, ಕಾಗದದ ಮೇಲೆ ಇಂಕ್ ಸುರಿದುಬಿಡುತ್ತದೆ. ನೀರಿನ ಅಕ್ರಿಲಿಕ್ ಇಂಕ್ ಸಾಕು, ಆದರೆ ಸ್ಕ್ರೀನ್ ಪ್ರಿಂಟಿಗೆಂದೇ ಬರುವ ಮೀಡಿಯಂ ಬೆರೆಸಲೇಬೇಕು, ಇಲ್ಲದಿದ್ದರೆ ಮೆಶ್‌ನೊಳಗೇ ಒಣಗುತ್ತದೆ. ಸ್ಕ್ರೀನಿಗೂ ಕಾಗದಕ್ಕೂ ನಡುವೆ 2-3 ಮಿಲಿಮೀಟರ್ ಅಂತರ ಇರಲಿ. ಸ್ಕ್ರೀನಿಗೆ ಹಚ್ಚುವ ಎಮಲ್ಷನ್ ಬೆಳಕು ಬಿದ್ದಲ್ಲಿ ಗಟ್ಟಿಯಾಗುತ್ತದೆ, ಫಿಲ್ಮಿನ ಕಪ್ಪು ಇದ್ದಲ್ಲಿ ತೊಳೆದುಹೋಗುತ್ತದೆ. ಹಾಗೆ ಬೆಳಕು ಕೊಡುವುದನ್ನು, ಅಂದರೆ ಎಕ್ಸ್‌ಪೋಸ್ ಅನ್ನು, ಎಷ್ಟು ಹೊತ್ತು ಮಾಡಬೇಕು ಅಂತ ಯಾರನ್ನೂ ಕೇಳಬೇಡಿ. ಅದು ನಿಮ್ಮ ದೀಪ, ಅದರ ದೂರ, ನಿಮ್ಮ ಎಮಲ್ಷನ್ ಮೇಲೆ ನಿಂತಿದೆ. ಒಂದು ಸ್ಕ್ರೀನ್ ಮೇಲೆ ಪಟ್ಟಿ ಪಟ್ಟಿಯಾಗಿ ಬೇರೆ ಬೇರೆ ಸಮಯ ಕೊಟ್ಟು ನೀವೇ ನೋಡಿ. ಕಡಿಮೆಯಾದರೆ ತೊಳೆಯುವಾಗ ಎಮಲ್ಷನ್ ಲೋಳೆಯಾಗಿ ಕಿತ್ತು ಬರುತ್ತದೆ. ಜಾಸ್ತಿಯಾದರೆ ಸಣ್ಣ ಗೆರೆಗಳು ತೆರೆಯುವುದೇ ಇಲ್ಲ, ಬೆಕ್ಕಿನ ಮೀಸೆ ಮೊದಲು ಹೋಗುತ್ತದೆ.

ಈಗ ನಿಜವಾದ ಸಮಸ್ಯೆಗೆ ಬರೋಣ. ನಿಮ್ಮ ಚಿತ್ರ ರೆಡಿ ಆಗಿಲ್ಲ. ಕಂಪ್ಯೂಟರ್ ಪರದೆಗೆ ಆಗಿದೆ, ಪ್ರಿಂಟ್ ಮಾಡುವ ಸ್ಕ್ರೀನಿಗೆ ಆಗಿಲ್ಲ. 8 ಪ್ರಾಣಿ, 6 ಬಣ್ಣ ಅಂದರೆ 48 ಸ್ಟೆನ್ಸಿಲ್ (ಸ್ಕ್ರೀನ್ ಮೇಲೆ ಒಂದು ಬಣ್ಣದ ಆಕಾರ ಮಾತ್ರ ತೆರೆದಿಟ್ಟ ಅಚ್ಚು). 20 ಪ್ರತಿ ಅಂದರೆ 960 ಸಲ ಸ್ಕ್ವೀಜಿ ಎಳೆಯಬೇಕು, ಅದೂ ಒಂದೂ ಕೆಡದಿದ್ದರೆ. ಕೆಡುತ್ತದೆ. ಪ್ರತಿ ಬಣ್ಣದಲ್ಲಿ ಹತ್ತಕ್ಕೆ ಒಂದು ಹಾಳೆ ಕೆಟ್ಟಿತು ಅಂತಿಟ್ಟುಕೊಳ್ಳಿ, ಕಲಿಯುವವರಿಗೆ ಅದು ಉದಾರವಾದ ಲೆಕ್ಕವೇ. 30 ಹಾಳೆಯಿಂದ ಶುರು ಮಾಡಿದರೆ ಆರನೇ ಬಣ್ಣದ ಹೊತ್ತಿಗೆ ಸುಮಾರು 16 ಉಳಿಯುತ್ತವೆ. ಎರಡೇ ಬಣ್ಣವಾದರೆ 24 ಉಳಿಯುತ್ತವೆ. ಈ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆಗ ಕೇಳುತ್ತಿದ್ದೆನೋ ಇಲ್ಲವೋ.

ಒಂದು ಪರೀಕ್ಷೆ ಹೇಳುತ್ತೇನೆ, ದುಡ್ಡು ಖರ್ಚಿಲ್ಲ. ಎಲ್ಲ ಬಣ್ಣದ ಫಿಲ್ಮ್‌ಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿಯಿರಿ. ಒಂದನ್ನು ಬೇಕೆಂದೇ 1 ಮಿಲಿಮೀಟರ್ ಸರಿಸಿ. ಪ್ರಾಣಿ ಇನ್ನೂ ಚೆನ್ನಾಗಿ ಕಾಣುತ್ತದಾ? ಹಾಗಿದ್ದರೆ ಪ್ರಿಂಟ್ ಮಾಡಿ. ಕಣ್ಣು ಓರೆಯಾಯಿತಾ, ಬಿಳಿ ಗೀರು ಬಂತಾ? ಮತ್ತೆ ಚಿತ್ರ ಬರೆಯಿರಿ. ರಿಜಿಸ್ಟ್ರೇಶನ್, ಅಂದರೆ ಬಣ್ಣಗಳನ್ನು ಒಂದರ ಮೇಲೊಂದು ಸರಿಯಾದ ಜಾಗದಲ್ಲಿ ಕೂರಿಸುವುದು, ಪಕ್ಕಾ ಮಾಡಲು ಒದ್ದಾಡುವ ಬದಲು, ರಿಜಿಸ್ಟ್ರೇಶನ್ ತಪ್ಪಿದರೂ ಏನೂ ಆಗದ ಚಿತ್ರ ಬರೆಯುವುದು ಜಾಣತನ ಅಲ್ವಾ?

ಆಮೇಲಿನ ಸರಣಿಯಲ್ಲಿ ನಾನು ನೀರ್ಗುದುರೆಯಿಂದ ಶುರು ಮಾಡಿದೆ. ಅದರ ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ತಲೆಯ ಮೇಲ್ಭಾಗದಲ್ಲೇ ಇರುತ್ತವೆ. ಅಷ್ಟು ದೊಡ್ಡ ದೇಹ ಪೂರ್ತಿ ನೀರೊಳಗೆ, ಇವು ಮಾತ್ರ ಹೊರಗೆ. ಅದರಲ್ಲೇ ತಮಾಷೆ ಇದೆ, ಟೋಪಿ ಬೇಕಿಲ್ಲ. ಮೊದಲ ಸ್ಕ್ರೀನ್‌ನಲ್ಲಿ ಇಡೀ ನೀರ್ಗುದುರೆ, ಗುಲಾಬಿ ಬಣ್ಣದಲ್ಲಿ. ಎರಡನೆಯದು ಬರೀ ನೀರು: ಹಾಳೆಯ ಕೆಳಗಿನ ಮುಕ್ಕಾಲು ಭಾಗಕ್ಕೆ ಒಂದು ನೀಲಿ ಚೌಕ, ಮೇಲಂಚು ಮಾತ್ರ ಅಲೆಯಲೆ. ಆ ನೀಲಿಗೆ ಪಾರದರ್ಶಕ ಬೇಸ್ (ಬಣ್ಣವಿಲ್ಲದ ಇಂಕ್) ಧಾರಾಳವಾಗಿ ಬೆರೆಸಿದೆ. ಗುಲಾಬಿಯ ಮೇಲೆ ನೀಲಿ ಬಿದ್ದಲ್ಲಿ ನೇರಳೆ ಬಂತು. ಮುಳುಗಿದ ದೇಹ ತಾನಾಗಿಯೇ ಮುಳುಗಿದಂತೆ ಕಂಡಿತು. ಎರಡು ಸ್ಕ್ರೀನ್, ಮೂರು ಬಣ್ಣ. ಕಾಗದದ ಬಿಳಿ ಸೇರಿಸಿದರೆ ನಾಲ್ಕು. ಎರಡು ಬಣ್ಣಗಳ ಅಂಚು ಎಲ್ಲೂ ಒಂದಕ್ಕೊಂದು ತಾಗಬೇಕಿಲ್ಲ. ಜಾರಿದರೆ ಏನಾಯಿತು? ನೀರಿನ ಮಟ್ಟ 2 ಮಿಲಿಮೀಟರ್ ಏರಿತು ಅಷ್ಟೇ.

ಕಣ್ಣಿನ ಗೋಳೂ ಹೀಗೇ ಬಗೆಹರಿಯಿತು. ಕಣ್ಣನ್ನು ಬೇರೆ ಲೇಯರ್‌ಗೆ ಕಳಿಸಬೇಡಿ. ಕಣ್ಣು ಮತ್ತು ಅದರ ಸುತ್ತಲಿನ ಮುಖ ಒಂದೇ ಸ್ಟೆನ್ಸಿಲ್‌ನಲ್ಲಿ ಇರಲಿ. ಮೇಕೆ ಮಾಡಿದಾಗ ಕಂದು ಮುಖದಲ್ಲಿ ಕಣ್ಣಿನ ಜಾಗವನ್ನು ಖಾಲಿ ಬಿಟ್ಟೆ. ಆ ಖಾಲಿ ಜಾಗದ ನಡುವೆ ಅದೇ ಕಂದಿನಲ್ಲಿ ಅಡ್ಡಲಾಗಿ ಒಂದು ಪಟ್ಟಿ. ಮೇಕೆಯ ಕಣ್ಣಿನ ಪಾಪೆ ನಿಜವಾಗಿಯೂ ಅಡ್ಡಕ್ಕೆ ಇರುತ್ತದೆ, ಬೆಕ್ಕಿನದು ಲಂಬವಾಗಿ ಸೀಳಿದಂತೆ. ಆ ಪಟ್ಟಿ ಹಾಕಿದ ತಕ್ಷಣ ಮೇಕೆಗೆ ಅದರದೇ ಆದ ಉಡಾಫೆ ಮುಖ ಬಂತು. ಅದಕ್ಕೂ ಮೊದಲು ಎಲ್ಲ ಪ್ರಾಣಿಗೂ ಒಂದೇ ದುಂಡು ಕಣ್ಣು, ಒಂದು ಹೊಳಪಿನ ಚುಕ್ಕೆ ಇಡುತ್ತಿದ್ದೆ. ಅದು ಮೇಕೆಯೂ ಅಲ್ಲ, ನರಿಯೂ ಅಲ್ಲ, ಗೊಂಬೆ.

ಇಲ್ಲಿ ಸ್ವಲ್ಪ ಖಾರವಾಗಿ ಹೇಳುತ್ತೇನೆ. ಪ್ರಾಣಿಗೆ ಕನ್ನಡಕ, ಟೈ, ಸೈಕಲ್ಲು ಕೊಟ್ಟರೆ ಅದು ಪ್ರಾಣಿಯ ತಮಾಷೆ ಅಲ್ಲ, ಮನುಷ್ಯನ ವೇಷ. ಒಮ್ಮೆ ನಗು ಬರುತ್ತದೆ, ಗೋಡೆಗೆ ಹಾಕಿದ ಮೇಲೆ ಬರುವುದಿಲ್ಲ. ಗೂಬೆ ಕಣ್ಣುಗುಡ್ಡೆ ತಿರುಗಿಸಲಾಗದೆ ತಲೆಯನ್ನೇ 270 ಡಿಗ್ರಿವರೆಗೆ ತಿರುಗಿಸುತ್ತದೆ. ದೇಹ ಅತ್ತ, ಮುಖ ಇತ್ತ. ಇದಕ್ಕಿಂತ ತಮಾಷೆ ಇನ್ನೇನು ಬೇಕು? ಜೀಬ್ರಾಗೆ ಹೊರಗೆರೆಯೇ ಬೇಡ. ಬರೀ ಕಪ್ಪು ಪಟ್ಟೆಗಳನ್ನು ಹಾಕಿ ಬಿಡಿ, ಉಳಿದ ಮೈಯನ್ನು ನೋಡುವವರ ಕಣ್ಣೇ ಬರೆದುಕೊಳ್ಳುತ್ತದೆ. ಒಂದೇ ಸ್ಕ್ರೀನ್!

ಬೇರೆಯವರ ಕೆಲಸ ನೋಡುವುದಾದರೆ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ 1983ರಲ್ಲಿ ಅಳಿವಿನಂಚಿನ ಪ್ರಾಣಿಗಳ ಮೇಲೆ ಮಾಡಿದ 10 ಸ್ಕ್ರೀನ್ ಪ್ರಿಂಟ್‌ಗಳನ್ನು ನೋಡಿ. ಆನೆ, ಪಾಂಡಾ, ಜೀಬ್ರಾ, ಮರಗಪ್ಪೆ ಎಲ್ಲ ಇವೆ. ಬಣ್ಣದ ದೊಡ್ಡ ತುಂಡುಗಳ ಮೇಲೆ ಗೆರೆ ಓಡುತ್ತದೆ, ಬಣ್ಣದ ಅಂಚನ್ನು ಚಾಚೂ ತಪ್ಪದೆ ಹಿಂಬಾಲಿಸುವ ಗೊಡವೆಗೆ ಹೋಗುವುದಿಲ್ಲ. ಅಮೆರಿಕದ ಚಿತ್ರಕಾರ ಚಾರ್ಲಿ ಹಾರ್ಪರ್ ಅವರನ್ನೂ ನೋಡಿ. ವೃತ್ತ, ತ್ರಿಕೋನಗಳಲ್ಲೇ ಹಕ್ಕಿಗಳನ್ನು ಕಟ್ಟಿದವರು. ಆದರೆ ನೋಡಿ ಬಿಟ್ಟುಬಿಡಿ. ಡಿಸೈನ್ ಕಾಲೇಜುಗಳ ಗೋಡೆಗಳಲ್ಲಿ ಅರೆಬೆಂದ ಹಾರ್ಪರ್ ಹಕ್ಕಿಗಳು ಈಗಾಗಲೇ ಸಾಕಷ್ಟಿವೆ.

ಸುಮ್ನೆ ಡಿಜಿಟಲ್ ಪ್ರಿಂಟ್ ತೆಗೆಸಿಬಿಡಲಾ ಅಂತಲೂ ಕೇಳಿದ್ದೀರಿ. ಈಗಿರುವ ಚಿತ್ರಗಳನ್ನು ಬದಲಿಸುವ ಮನಸ್ಸಿಲ್ಲದಿದ್ದರೆ ಹಾಗೇ ಮಾಡಿ, ತಮಾಷೆಗೆ ಹೇಳುತ್ತಿಲ್ಲ. 6 ಬಣ್ಣದ ನಯವಾದ ಚಿತ್ರಕ್ಕೆ ಅದೇ ಸರಿ. ಸ್ಕ್ರೀನಿನಲ್ಲಿ ಎಳೆದು ಡಿಜಿಟಲ್ ಥರ ಕಾಣಿಸಲು ಯಾಕೆ ಒದ್ದಾಡಬೇಕು?

ಸ್ಕ್ರೀನೇ ಬೇಕು ಅಂದರೆ 8 ಪ್ರಾಣಿಯನ್ನು 4ಕ್ಕೆ ಇಳಿಸಿ. ಪ್ರತಿಯೊಂದಕ್ಕೂ ಎರಡೇ ಸ್ಕ್ರೀನ್. ಮೊದಲು ಬಣ್ಣದ ಕಾಗದ ತಗೊಂಡು ಕತ್ತರಿಯಲ್ಲಿ ಪ್ರಾಣಿಯನ್ನು ಕತ್ತರಿಸಿ. ಕತ್ತರಿಗೆ ಮೀಸೆ, ರೋಮ, ನೆರಳು ಬರುವುದಿಲ್ಲ, ಹಾಗಾಗಿ ಆಕಾರ ಗಟ್ಟಿಯಾಗುತ್ತದೆ. ಎರಡನೇ ಬಣ್ಣಕ್ಕೆ ಬಣ್ಣದ ಪಾರದರ್ಶಕ ಹಾಳೆ ಇಟ್ಟು ನೋಡಿ, ಮೂರನೇ ಬಣ್ಣ ಎಲ್ಲಿ ಹುಟ್ಟುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಎಲ್ಲೋ ಒಂದು ಕಡೆ ಎರಡು ಬಣ್ಣ ಅಂಚಿಗೆ ಅಂಚು ಸೇರಲೇಬೇಕು ಅಂದರೆ, ತಿಳಿ ಬಣ್ಣವನ್ನು ಅರ್ಧದಿಂದ 1 ಮಿಲಿಮೀಟರ್ ದೊಡ್ಡದು ಮಾಡಿ ಗಾಢ ಬಣ್ಣದ ಕೆಳಗೆ ನುಗ್ಗಿಸಿ. ಇದಕ್ಕೆ ಟ್ರ್ಯಾಪಿಂಗ್ ಅನ್ನುತ್ತಾರೆ. ಸಾಫ್ಟ್‌ವೇರ್ ಕೇಳದೆ ಮಾಡಿಕೊಡುವುದಿಲ್ಲ. ನನಗಂತೂ ಮಾಡಿಕೊಡಲಿಲ್ಲ.

ಕಾಗದ 250 ಜಿಎಸ್‌ಎಂಗಿಂತ ತೆಳ್ಳಗೆ ಬೇಡ. ಪ್ರಿಂಟ್ ಮಾಡುವ ಕೋಣೆಯಲ್ಲೇ ಹಿಂದಿನ ದಿನ ಬಿಚ್ಚಿಡಿ, ಅಲ್ಲಿನ ತೇವಕ್ಕೆ ಹೊಂದಿಕೊಳ್ಳಲಿ. ಎಲ್ಲ ಹಾಳೆಗಳ ನಾರಿನ ದಿಕ್ಕು ಒಂದೇ ಇರಲಿ. ಟೇಬಲ್ ಮೇಲೆ ಮೂರು ತಡೆ ಅಂಟಿಸಿ, ಉದ್ದದ ಬದಿಗೆ ಎರಡು, ಅಗಲದ ಬದಿಗೆ ಒಂದು. ಪ್ರತಿ ಬಣ್ಣಕ್ಕೂ ಹಾಳೆಯ ಅದೇ ಮೂಲೆಯನ್ನು ಅಲ್ಲಿಗೆ ತಾಗಿಸಿ. ಪ್ರತಿ ಸಲ ಎಳೆದ ಮೇಲೆ ಸ್ಕ್ರೀನ್ ಎತ್ತಿ ಮತ್ತೆ ತೆಳುವಾಗಿ ಇಂಕ್ ತುಂಬಿಸಿಡಿ, ಇಲ್ಲದಿದ್ದರೆ ಮುಂದಿನ ಹಾಳೆ ತಗೊಳ್ಳುವಷ್ಟರಲ್ಲಿ ಸಣ್ಣ ಜಾಗಗಳು ಕಟ್ಟಿಕೊಳ್ಳುತ್ತವೆ. ನಡುವೆ ಫೋನ್ ಬಂದರೆ ತೆಗೆಯಬೇಡಿ.

20 ಪ್ರತಿಗೆ ನಂಬರ್ ಹೇಗೆ ಹಾಕೋದು ಅಂತ ಕೊನೆಗೆ ಕೇಳಿದ್ದೀರಿ. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 1/20, 2/20 ಹೀಗೆ ಎಡಕ್ಕೆ, ಸಹಿ ಬಲಕ್ಕೆ. ನಿಮಗೆ ಇಟ್ಟುಕೊಳ್ಳುವ ಒಂದೆರಡು ಪ್ರತಿಗೆ ಎ/ಪಿ ಅಂತ ಬರೆಯಿರಿ, ಕಲಾವಿದರ ಪ್ರತಿ ಅಂತ ಅರ್ಥ. ಒಳ್ಳೆಯ ಹಾಳೆ 17 ಮಾತ್ರ ಉಳಿದರೆ 17ರ ಸರಣಿ ಅಂತಲೇ ಹಾಕಿ. 20 ತುಂಬಿಸಲಿಕ್ಕೆ ಗೀರು ಬಿದ್ದ ಮೂರನ್ನು ಸೇರಿಸಬೇಡಿ. ಅವುಗಳ ಹಿಂಬದಿ ಖಾಲಿಯೇ ಇರುತ್ತದಲ್ಲ, ಮುಂದಿನ ಸ್ಕ್ರೀನ್ ಹೊಂದಿಸುವಾಗ ಮೊದಲ ಎಳೆತಕ್ಕೆ ಬರುತ್ತವೆ.