ಸೇಫ್ಟಿ ವಾಲ್ವ್‌ಗೂ ಒಂದು ಸೆನ್ಸರ್ ಬೇಕಾ? ನೀವು ಕೇಳಿದ್ದು, ನಾವು ಹೇಳಿದ್ದು

ಪ್ರಶ್ನೆ (ತಲೋಜಾದಿಂದ, ಹೆಸರು ಹಾಕಬೇಡಿ ಅಂದಿದ್ದಾರೆ): ಸಾರ್, ನಾನು ಇಲ್ಲಿನ ಎಂಐಡಿಸಿಲಿ (ಮಹಾರಾಷ್ಟ್ರ ಸರ್ಕಾರದ ಇಂಡಸ್ಟ್ರಿಯಲ್ ಏರಿಯಾ) ಒಂದು ಕೆಮಿಕಲ್ ಕಂಪನಿಲಿ ಮೆಂಟೆನೆನ್ಸ್ ನೋಡ್ಕೋತೀನಿ. ಸೇಫ್ಟಿ ವಾಲ್ವ್‌ಗಳಿಗೆಲ್ಲ ವೈರ್‌ಲೆಸ್ ಸೆನ್ಸರ್ ಹಾಕಿಸ್ಬೇಕು ಅಂತ ಮೇಲಿನವರು ಹೊರಟಿದ್ದಾರೆ. ಪ್ರೆಶರ್ ಜಾಸ್ತಿ ಆದ್ರೆ ವಾಲ್ವ್ ತಾನೇ ತೆಗೆಯುತ್ತೆ, ಇಳಿದ್ರೆ ತಾನೇ ಮುಚ್ಚುತ್ತೆ, ಶಟ್‌ಡೌನಲ್ಲಿ ಬಿಚ್ಚಿ ಬೆಂಚ್ ಟೆಸ್ಟ್ ಬೇರೆ ಮಾಡಿಸ್ತೀವಿ. ಇದ್ಯಾಕೆ ದುಡ್ಡು ದಂಡ?

ಉತ್ತರ: ತೆಗೆಯುತ್ತೆ, ಸರಿ. ತೆಗೀತು ಅಂತ ನಿಮಗೆ ಹೇಳೋರು ಯಾರು? ನೈಟ್ ಶಿಫ್ಟಲ್ಲಿ ಒಂದು ನಿಮಿಷ ಪಾಪ್ ಆಗಿ, ಅಂದ್ರೆ ಥಟ್ಟನೆ ತೆರೆದು, ಮುಚ್ಕೊಂಡು ಬಿಡ್ತು ಅಂತಿಟ್ಕೊಳ್ಳಿ, ಡಿಸ್ಚಾರ್ಜ್ ಪೈಪು ಫ್ಲೇರ್‌ಗೋ (ಗ್ಯಾಸ್ ಸುಡೋ ಚಿಮಣಿ) ಸ್ಕ್ರಬ್ಬರ್‌ಗೋ (ಗ್ಯಾಸ್ ತೊಳೆಯೋ ಟವರ್) ಹೋಗಿದ್ರೆ ಕೆಳಗೆ ನಿಂತವನಿಗೆ ಸುಳಿವೂ ಸಿಗಲ್ಲ, ಪ್ರೆಶರ್ ಯಾಕೆ ಅಷ್ಟು ಏರ್ತು ಅಂತ ಕೇಳೋ ಪ್ರಶ್ನೇನೂ ಹುಟ್ಟಲ್ಲ. ಅದಕ್ಕಿಂತ ತಲೆನೋವು ಅಂದ್ರೆ ಪೂರ್ತಿ ಮುಚ್ದೇ ಇರೋದು, ನೀವೆಲ್ಲ 'ಪಾಸಿಂಗ್ ಇದೆ' ಅಂತೀರಲ್ಲ ಅದು. ಸೀಟಿನ ಮೇಲೆ ಒಂದು ಚೂರು ಕಸ ಕೂತ್ರೂ ಸಾಕು. ಸೆಟ್ ಪ್ರೆಶರ್‌ಗೆ, ಅಂದ್ರೆ ವಾಲ್ವ್ ತೆರೆಯೋ ಪ್ರೆಶರ್‌ಗೆ, ತೀರಾ ಹತ್ತಿರ ಪ್ಲಾಂಟ್ ಓಡಿಸಿದ್ರೂ ವಾಲ್ವ್ ಸುರುಸುರು ಅಂತ ಶುರು ಮಾಡುತ್ತೆ. ಬೆಂಚ್ ಟೆಸ್ಟ್ ಹೇಳೋದು ಆವತ್ತಿನ ಕಥೆ, ಮಾರನೇ ವಾರ ಏನಾಯ್ತು ಅನ್ನೋದು ಅದರಲ್ಲಿಲ್ಲ.

ಈ ಸೆನ್ಸರ್ ಮಾಡೋದು ಇಷ್ಟೇ. ಡಿಸ್ಚಾರ್ಜ್ ಪೈಪಿನ ಮೇಲೆ, ವಾಲ್ವ್‌ಗೆ ಹತ್ತಿರದಲ್ಲಿ, ಸ್ಟೀಲ್ ಪಟ್ಟಿಯಿಂದ ಬಿಗಿದು ಕಟ್ತಾರೆ, ಕೊರೆಯೋದಿಲ್ಲ ವೆಲ್ಡಿಂಗಿಲ್ಲ. ಸಣ್ಣ ಸಂದಿಲಿ ಗ್ಯಾಸ್ ನುಗ್ಗುವಾಗ ನಮ್ಮ ಕಿವಿಗೆ ಕೇಳದ ಅಲ್ಟ್ರಾಸಾನಿಕ್ ಸದ್ದು ಬರುತ್ತೆ, ಅದನ್ನ ಹಿಡಿಯುತ್ತೆ, ಜೊತೆಗೆ ಪೈಪಿನ ಬಿಸಿನೂ ಅಳೆಯುತ್ತೆ. ಸ್ಟೀಮ್ ಆದ್ರೆ ಪೈಪು ಬಿಸಿ ಏರುತ್ತೆ, ಎಲ್‌ಪಿಜಿ ಆದ್ರೆ ಉಲ್ಟಾ, ತಣ್ಣಗಾಗಿ ಹೊರಗೆ ಬೆಳ್ಳಗೆ ಮಂಜು ಕಟ್ಟುತ್ತೆ. ರೇಡಿಯೋ 2.4 ಗಿಗಾಹರ್ಟ್ಸ್, ನಮ್ಮಲ್ಲಿ ಲೈಸೆನ್ಸ್ ಬೇಡ. ಒಂದು ಸೆನ್ಸರ್‌ಗೆ ಗೇಟ್‌ವೇ (ಎಲ್ಲ ಸೆನ್ಸರ್‌ಗಳ ಸಿಗ್ನಲ್ ಹಿಡಿದು ಮುಂದೆ ಕಳಿಸೋ ಪೆಟ್ಟಿಗೆ) ಸಿಗದಿದ್ರೆ ಪಕ್ಕದ ಸೆನ್ಸರ್ ಮೂಲಕ ದಾಟಿಸುತ್ತೆ. ಐದನೇ ಮಹಡಿ ಎತ್ತರದ ವಾಲ್ವ್‌ಗೆ ಕೇಬಲ್ ಟ್ರೇ, ಸ್ಕ್ಯಾಫೋಲ್ಡಿಂಗು, ಪರ್ಮಿಟ್ಟು ಅಂತ ಓಡಾಡಿದವರಿಗೆ ವೈರ್ ಇಲ್ಲದಿರೋದ್ರ ಬೆಲೆ ಬಿಡಿಸಿ ಹೇಳ್ಬೇಕಾಗಿಲ್ಲ.

ಆದ್ರೆ ನಿಮ್ಮ ಮೇಲಿನವರಿಗೆ ಇದೊಂದನ್ನೂ ಹೇಳಿ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ 1979ರ ಮಾರ್ಚ್ 28ರ ಬೆಳಗಿನ ಜಾವ ಪ್ರೆಶರ್ ಇಳಿಸೋ ವಾಲ್ವ್ ತೆರೆದು ಹಾಗೇ ಸಿಕ್ಕಾಕ್ಕೊಂಡ್ತು, ಎರಡು ಗಂಟೆಗೂ ಮೇಲೆ. ಪ್ಯಾನಲ್ ಮೇಲಿನ ದೀಪ ಆರಿತ್ತು, ಹಾಗಾಗಿ ಮುಚ್ಚಿದೆ ಅಂದ್ಕೊಂಡ್ರು. ಆ ದೀಪ ತೋರಿಸ್ತಿದ್ದಿದ್ದು ಸೊಲೆನಾಯ್ಡ್‌ಗೆ (ಆ ವಾಲ್ವನ್ನ ಕರೆಂಟಿಂದ ತೆರೆಸೋ ಸುರುಳಿ) ಕರೆಂಟ್ ಹೋಗ್ತಿದ್ಯಾ ಇಲ್ವಾ ಅಂತ ಮಾತ್ರ, ವಾಲ್ವ್ ನಿಜಕ್ಕೂ ಎಲ್ಲಿದೆ ಅಂತ ಅಲ್ಲ. ಇಲ್ಲಿವರೆಗಿನ ಕಥೆ ಎಲ್ರೂ ಹೇಳ್ತಾರೆ. ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಇನ್ನೊಂದು: ಡಿಸ್ಚಾರ್ಜ್ ಪೈಪಿನ ಟೆಂಪರೇಚರ್ ಅವರ ಹತ್ರ ಇತ್ತು, ಜಾಸ್ತಿನೂ ತೋರಿಸ್ತಿತ್ತು. ಆದ್ರೆ ಆ ಕಡೆ ಮೊದಲಿಂದ್ಲೂ ಸ್ವಲ್ಪ ಲೀಕ್ ಇತ್ತು, 'ಅದು ಯಾವಾಗ್ಲೂ ಹಂಗೇ' ಅಂತ ಬಿಟ್ರು. ಪಾಸಿಂಗ್ ವಾಲ್ವ್ ರಿಪೇರಿ ಮಾಡ್ದೆ ಅದಕ್ಕೆ ಸೆನ್ಸರ್ ಕಟ್ಟಿದ್ರೆ ಅಲಾರಂ ದಿನಾ ಹೊಡ್ಕೊಳ್ಳುತ್ತೆ, ಹದಿನೈದು ದಿನದಲ್ಲಿ ಯಾರೋ ಒಬ್ಬ ಅದನ್ನ ಮ್ಯೂಟ್ ಮಾಡ್ತಾನೆ. ಹಾಗಾಗಿ ಮೊದಲು ಲೀಕ್ ಲಿಸ್ಟ್ ಖಾಲಿ ಮಾಡಿಸಿ, ಆಮೇಲೆ ಆರ್ಡರ್ ಹಾಕ್ಲಿ.

ಪ್ರಶ್ನೆ (ಡೊಂಬಿವ್ಲಿಯಿಂದ ಒಬ್ಬ ತಾಯಿ): ಮಗ ಇಂಥದೇ ಪ್ಲಾಂಟಲ್ಲಿ ಕೆಲಸಕ್ಕಿದ್ದಾನೆ. ಮಳೆ ಬಂದ್ರೆ ನಮ್ಮನೇಲಿ ಮೊಬೈಲೇ ಸಿಗಲ್ಲ. ವೈರ್‌ಲೆಸ್ ಕೈ ಕೊಟ್ರೆ ಆ ವಾಲ್ವ್ ತೆರೆಯಲ್ವಾ?

ಉತ್ತರ: ಅಮ್ಮಾ, ತೆರೆಯುತ್ತೆ. ಅದು ಬರೀ ಸ್ಪ್ರಿಂಗು, ಒಳಗಿನ ಒತ್ತಡ ಸ್ಪ್ರಿಂಗನ್ನ ಮೀರಿದ್ರೆ ಎದ್ದೇಳುತ್ತೆ, ಅದಕ್ಕೆ ಕರೆಂಟೂ ಬೇಡ ನೆಟ್‌ವರ್ಕೂ ಬೇಡ. ಸೆನ್ಸರ್ ಪಕ್ಕದಲ್ಲಿ ಕೂತು ಸುದ್ದಿ ಹೇಳುತ್ತೆ ಅಷ್ಟೇ. ಸಿಗ್ನಲ್ ಹೋದ್ರೆ ಸುದ್ದಿ ನಿಲ್ಲುತ್ತೆ, ವಾಲ್ವ್ ನಿಲ್ಲಲ್ಲ. 2016ರಲ್ಲೂ 2024ರಲ್ಲೂ ನಿಮ್ಮೂರ ಎಂಐಡಿಸಿಲಿ ಸ್ಫೋಟ ಆದ್ಮೇಲೆ ಈ ಭಯ ಬರೋದು ಸಹಜ. ಮಗನ ಹತ್ರ ಕೇಳೋದಾದ್ರೆ ಹೀಗೆ ಕೇಳಿ: ವಾಲ್ವ್ ಕೊನೇ ಸಲ ಟೆಸ್ಟ್ ಆಗಿದ್ದು ಯಾವಾಗ, ಅದರ ಕೆಳಗಿನ ಐಸೊಲೇಶನ್ ವಾಲ್ವ್ ಓಪನ್ ಇಟ್ಟು ಲಾಕ್ ಮಾಡಿದ್ದಾರಾ (ಅದು ಮುಚ್ಚಿದ್ರೆ ಒತ್ತಡ ಸೇಫ್ಟಿ ವಾಲ್ವ್‌ಗೆ ತಲುಪಲ್ಲ).

ಪ್ರಶ್ನೆ (ಪುಣೆ ಹತ್ರದ ಕುರ್‌ಕುಂಭದಿಂದ): ನಮ್ಮಲ್ಲಿ ವಾಲ್ವ್ ಕೆಳಗೆ ರಪ್ಚರ್ ಡಿಸ್ಕ್ (ಒತ್ತಡ ಮೀರಿದ್ರೆ ಒಡೆಯೋ ತೆಳು ತಗಡು) ಇದೆ. ಅಲ್ಲೂ ಇದೇ ಸೆನ್ಸರ್ ನಡೆಯುತ್ತಾ? ಬ್ಯಾಟರಿ ಎಷ್ಟು ವರ್ಷ?

ಉತ್ತರ: ನಿಮಗೆ ಬೇಕಿರೋದು ಸದ್ದಿನದಲ್ಲ, ಡಿಸ್ಕಿಗೂ ವಾಲ್ವ್‌ಗೂ ನಡುವಿನ ಜಾಗದಲ್ಲಿ ಒಂದು ವೈರ್‌ಲೆಸ್ ಪ್ರೆಶರ್ ಟ್ರಾನ್ಸ್‌ಮಿಟರ್. ಡಿಸ್ಕ್ ಒಡೆಯೋದು ಎರಡು ಬದಿಯ ಒತ್ತಡದ ವ್ಯತ್ಯಾಸದ ಮೇಲೆ. ಸೂಜಿಮೊನೆಯಷ್ಟು ತೂತಾಗಿ ನಡುವೆ 3 ಕೆಜಿ ಒತ್ತಡ ಸೇರ್ಕೊಂಡ್ರೆ, 10 ಕೆಜಿಗೆ ಒಡೀಬೇಕಾದ ಡಿಸ್ಕ್ 13 ಆಗೋವರೆಗೂ ಸುಮ್ನಿರುತ್ತೆ, ಅಷ್ಟರಲ್ಲಿ ವೆಸೆಲ್ ಗತಿ ನೀವೇ ಯೋಚ್ನೆ ಮಾಡಿ. ಅಲ್ಲಿ ಗೇಜ್ ಇದ್ರೂ ದಿನಾ ಏಣಿ ಹತ್ತಿ ನೋಡೋರು ಯಾರು?

ಬ್ಯಾಟರಿ ವಿಷಯ: ಸೇಲ್ಸ್‌ನವರು ಹೇಳೋ ವರ್ಷ ಕೇಳ್ಬೇಡಿ, ಎಷ್ಟು ಸೆಕೆಂಡಿಗೊಮ್ಮೆ ರೀಡಿಂಗ್ ಕಳಿಸಿದ್ರೆ ಅಷ್ಟು ವರ್ಷ ಅಂತ ಕೇಳಿ. ನಿಮಿಷಕ್ಕೊಮ್ಮೆ ಎದ್ದು ನೋಡೋ ಸೆನ್ಸರ್‌ಗೆ ಐದು ಸೆಕೆಂಡಿನ ಪಾಪ್ ತಪ್ಪಿ ಹೋಗಬಹುದು, ಸೆಕೆಂಡಿಗೊಮ್ಮೆ ಅಂದ್ರೆ ಬ್ಯಾಟರಿ ಬೇಗ ಮುಗಿಯುತ್ತೆ. ಇನ್ನೊಂದು, ಬೇರೆ ವಾಲ್ವ್‌ಗಳಿಗೆ ಸದ್ದಿನ ಸೆನ್ಸರ್ ಹಾಕಿಸೋದಿದ್ರೆ ಪಕ್ಕದಲ್ಲಿ ಕಂಟ್ರೋಲ್ ವಾಲ್ವ್ ಕಿರುಚ್ತಿದ್ರೆ ಆ ಸದ್ದೂ ಸೇರುತ್ತೆ, ಹಾಗಾಗಿ ವೆಸೆಲ್ ಪ್ರೆಶರ್ ಟ್ರೆಂಡ್ ಜೊತೆ ಇಟ್ಟು ನೋಡ್ದೆ ಬರೀ ಸದ್ದನ್ನ ನಂಬಬೇಡಿ.

ಪ್ರಶ್ನೆ (ಗೋವಾದ ವಾಸ್ಕೋದಿಂದ): ಸರ, ನಮ್ಮದು ಮೀನಿಂದು ಸಣ್ಣ ಕೋಲ್ಡ್ ಸ್ಟೋರೇಜ್ ಐತ್ರಿ, ಅಮೋನಿಯಾ ಪ್ಲಾಂಟು. ರಿಸೀವರ್ (ಅಮೋನಿಯಾ ತುಂಬೋ ಟ್ಯಾಂಕ್) ಮ್ಯಾಲೆ ಎರಡು ಸೇಫ್ಟಿ ವಾಲ್ವ್ ಅದಾವ. ಇಷ್ಟಕ್ಕ ಇಂಥಾ ದುಬಾರಿ ಸಾಮಾನು ಬೇಕೇನ್ರಿ?

ಉತ್ತರ: ಬೇಡ್ರಿ. ವೆಂಟ್ ಪೈಪಿಗೆ ಒಂದು ಅಮೋನಿಯಾ ಡಿಟೆಕ್ಟರ್ ಸಾಕು, ವಾಲ್ವ್ ಪಾಪ್ ಆದ್ರೂ ಸಣ್ಣಗೆ ಲೀಕ್ ಆದ್ರೂ ಅದು ಹೇಳುತ್ತೆ. ಒಂದು ವಾಲ್ವ್ ಪಾಪ್ ಆಯ್ತು ಅಂದ್ರೆ ಎರಡರ ಕೆಳಗಿರೋ ತ್ರೀ-ವೇ ವಾಲ್ವ್ ತಿರುಗಿಸಿ ಇನ್ನೊಂದನ್ನ ಲೈನಿಗೆ ತಗೊಂಡು, ಪಾಪ್ ಆಗಿದ್ದನ್ನ ಬಿಚ್ಚಿ ಟೆಸ್ಟಿಗೆ ಕಳಿಸಿ, ಅದು ವಾಪಸ್ ಬರೋವರೆಗೂ ಆ ಬಾಯಿಗೆ ಪ್ಲಗ್ ಹಾಕ್ಸೋದು ಮರೀಬೇಡ್ರಿ.