ಇಂಟೆಗ್ರಿನ್‌ನ ಗಿಡ್ಡ ಬಾಲಕ್ಕೆ ಕೋಶದೊಳಗೆ ಏನು ಕೆಲಸ?

ಇಂಟೆಗ್ರಿನ್ ಎಂದರೆ ಕೋಶದ ಪೊರೆಯನ್ನು ದಾಟಿ ನಿಂತು, ಕೋಶವನ್ನು ಅದರ ಸುತ್ತಲಿನ ನೆಲೆಗೆ ಅಂಟಿಸುವ ಗ್ರಾಹಕ ಪ್ರೋಟೀನು. ಅದರ ಬಹುಭಾಗ ಕೋಶದ ಹೊರಗೇ ಇರುವಾಗ, ಒಳಗಿನ ಗಿಡ್ಡ ಬಾಲಕ್ಕೆ ಕಿಣ್ವದ ಗುಣವೂ ಇಲ್ಲದಿರುವಾಗ, ಅದು ಒಳಗಿನ ಪ್ರೋಟೀನುಗಳೊಂದಿಗೆ ಹೇಗೆ ವ್ಯವಹರಿಸುತ್ತದೆ ಎಂದು ಕೇಳಿದ್ದೀರಿ. ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಹೇಳಿಕೊಡುವ ನನಗೆ, ಚಿತ್ರದಲ್ಲಿ ಒಂದೇ ಬಾಣದ ಗುರುತಿನಲ್ಲಿ ಮುಗಿದುಹೋಗುವ ಈ ಭಾಗವೇ ಅತ್ಯಂತ ಸ್ವಾರಸ್ಯಕರವಾಗಿ ಕಾಣುತ್ತದೆ.

ಮನುಷ್ಯರಲ್ಲಿ 18 ಆಲ್ಫಾ ಮತ್ತು 8 ಬೀಟಾ ಸರಪಳಿಗಳು ಸೇರಿ 24 ಬಗೆಯ ಇಂಟೆಗ್ರಿನ್ ಜೋಡಿಗಳಾಗುತ್ತವೆ. ಬಹುತೇಕ ಬೀಟಾ ಬಾಲಗಳಲ್ಲಿ ಎರಡು ಹಿಡಿಕೆಗಳಿವೆ: ಪೊರೆಗೆ ಹತ್ತಿರದ್ದನ್ನು ಟಾಲಿನ್ ಎಂಬ ಪ್ರೋಟೀನಿನ ತಲೆಭಾಗವೂ ದೂರದ್ದನ್ನು ಕಿಂಡ್ಲಿನ್ ಎಂಬ ಪ್ರೋಟೀನೂ ಹಿಡಿಯುತ್ತವೆ. ಟಾಲಿನ್ ಬಂದು ಹಿಡಿದೊಡನೆ ಆಲ್ಫಾ ಮತ್ತು ಬೀಟಾ ಬಾಲಗಳ ನಂಟು ಸಡಿಲವಾಗುತ್ತದೆ. ಆ ಸಡಿಲಿಕೆ ಪೊರೆಯನ್ನು ದಾಟಿ, ಹೊರಗೆ ಬಾಗಿ ನಿಂತಿದ್ದ ಇಂಟೆಗ್ರಿನ್ನನ್ನು ನೆಟ್ಟಗೆ ನಿಲ್ಲಿಸಿ, ಹಿಡಿಯಲು ಸಜ್ಜಾಗಿಸುತ್ತದೆ. ಅಂದರೆ ಸುದ್ದಿ ಹೊರಗಿನಿಂದ ಒಳಕ್ಕೆ ಮಾತ್ರವಲ್ಲ, ಒಳಗಿನಿಂದ ಹೊರಕ್ಕೂ ಹರಿಯುತ್ತದೆ. ರಕ್ತದ ಪ್ಲೇಟ್‌ಲೆಟ್‌ಗಳು ಗಾಯವಾಗುವವರೆಗೆ ಒಂದಕ್ಕೊಂದು ಅಂಟದೆ ಹರಿಯುವುದು ಈ ಏರ್ಪಾಡಿನಿಂದಲೇ. ಕಿಂಡ್ಲಿನ್-3 ಕೆಟ್ಟವರಲ್ಲಿ ಇಂಟೆಗ್ರಿನ್ ಸರಿಯಾಗಿದ್ದರೂ ರಕ್ತಸ್ರಾವ ನಿಲ್ಲುವುದು ಕಷ್ಟವಾಗುತ್ತದೆ ಎಂಬುದು, ಒಳಗಿನ ಹಿಡಿತ ಎಷ್ಟು ಮುಖ್ಯವೆಂಬುದಕ್ಕೆ ನನಗೆ ತಿಳಿದ ಅತಿ ಸ್ಪಷ್ಟ ಸಾಕ್ಷಿ.

ಇನ್ನು ಸೆಳೆತದ ವಿಷಯ. ಟಾಲಿನ್‌ನ ಉದ್ದನೆಯ ದೇಹವು ಕೋಶದ ಒಳಹಂದರವಾದ ಆಕ್ಟಿನ್ ಎಳೆಗಳಿಗೆ ಕಟ್ಟಿಕೊಂಡಿರುತ್ತದೆ, ಆ ಎಳೆಗಳನ್ನು ಮಯೋಸಿನ್ ಎಂಬ ಮೋಟಾರು ಪ್ರೋಟೀನು ಜಗ್ಗುತ್ತಿರುತ್ತದೆ. ಆ ದೇಹದಲ್ಲಿ ಮಡಚಿಕೊಂಡ 13 ಕಟ್ಟುಗಳಿವೆ. ಅವುಗಳಲ್ಲಿ ಅತಿ ಸಡಿಲವಾದದ್ದು ಸುಮಾರು 5 ಪೈಕೋನ್ಯೂಟನ್ ಸೆಳೆತಕ್ಕೇ ಬಿಚ್ಚಿಕೊಂಡು, ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನು ಹಿಡಿಯಬಲ್ಲ, ಅದುವರೆಗೆ ಮರೆಯಾಗಿದ್ದ ಜಾಗಗಳನ್ನು ತೆರೆದಿಡುತ್ತದೆ. ನಮ್ಮ ಗವಿಮಠದ ಜಾತ್ರೆಯಲ್ಲಿ ತೇರಿನ ಹಗ್ಗ ಸುರುಳಿಯಾಗಿ ಬಿದ್ದಿರುವಾಗ ಕೈಹಾಕಲು ಕೆಲವರಿಗಷ್ಟೇ ಜಾಗ, ಚಾಚಿ ಜಗ್ಗಿದಂತೆಲ್ಲ ಇನ್ನಷ್ಟು ಮಂದಿಗೆ ಜಾಗ. ಹಾಗೆಯೇ ಇಲ್ಲಿ ವಿಂಕ್ಯುಲಿನ್ ಬಂದು ಸೇರಿ, ತಾನೂ ಆಕ್ಟಿನ್ನನ್ನು ಹಿಡಿದು, ಬೆಸುಗೆಯನ್ನು ಗಟ್ಟಿಮಾಡುತ್ತದೆ. ಕೋಶವು ತಾನು ನಿಂತ ನೆಲ ಮೆತ್ತಗಿದೆಯೋ ಗಟ್ಟಿಯೋ ಎಂದು ಅರಿಯುವುದರಲ್ಲಿ ಈ ಬಿಚ್ಚಿಕೊಳ್ಳುವಿಕೆಗೆ ದೊಡ್ಡ ಪಾತ್ರವಿದೆ, ಏಕೆಂದರೆ ಮೆತ್ತನೆಯ ನೆಲ ಜಗ್ಗಿದಷ್ಟೂ ಜಾರಿ ಬರುವುದರಿಂದ ಟಾಲಿನ್ ಮೇಲೆ ಸಾಕಷ್ಟು ಬಿಗಿ ಬೀಳುವುದಿಲ್ಲ.

ಕಿಣ್ವದ ಬಗ್ಗೆ ನೀವು ಹೇಳಿದ್ದು ಸರಿ. ಬಾಲಕ್ಕೆ ಆ ಗುಣವಿಲ್ಲ, ಆದರೆ ಫೋಕಲ್ ಅಡ್ಹೀಷನ್ ಕೈನೇಸ್ ಮತ್ತು ಸಾರ್ಕ್ ಎಂಬ ಕಿಣ್ವಗಳು ಅದೇ ಜಾಗದಲ್ಲಿ ನೆರೆದು, ನೆರೆಯ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಸುದ್ದಿಯನ್ನು ಮುಂದೆ ಸಾಗಿಸುತ್ತವೆ. ಕೋಶ ಕೋಶಗಳನ್ನು ಬೆಸೆಯುವ ಕ್ಯಾಡ್ಹೆರಿನ್‌ನದೂ ಇದೇ ತತ್ವ: ಅದರ ಬಾಲವನ್ನು ಬೀಟಾ-ಕೆಟೆನಿನ್ ಹಿಡಿದರೆ, ಅದಕ್ಕೆ ಆತುಕೊಂಡ ಆಲ್ಫಾ-ಕೆಟೆನಿನ್ ಸೆಳೆತಕ್ಕೆ ಬಿಚ್ಚಿಕೊಂಡು ವಿಂಕ್ಯುಲಿನ್ನನ್ನೇ ಕರೆಯುತ್ತದೆ.