ಚಿಕ್ಕಮಗಳೂರಿನಲ್ಲೇ ಕೂತು ನ್ಯೂಟ್ರಾನ್ ನಕ್ಷತ್ರದ ಎಕ್ಸ್-ರೇ ಪ್ರಾಜೆಕ್ಟ್ ಮಾಡಬಹುದಾ, ಬೆಂಗಳೂರಿಗೆ ಹೋಗಲೇಬೇಕಾ?

ಎಂ.ಎಸ್ಸಿ. ಮಾಡುವಾಗ ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಹಾಸನದಲ್ಲಿ ಒದ್ದಾಡಿದ್ದೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋ ಉಪಗ್ರಹಗಳನ್ನು ನಿಯಂತ್ರಿಸುವ ಎಂ.ಸಿ.ಎಫ್.ನ ಬಿಳಿ ಡಿಶ್‌ಗಳನ್ನು ನೋಡುತ್ತಲೇ ಬೆಳೆದವನು ನಾನು.

ನಾನು ಆರಿಸಿಕೊಂಡದ್ದು ಆರ್‌ಎಕ್ಸ್ ಜೆ0720.4-3125. ಜೊತೆಗಾರ ನಕ್ಷತ್ರ ಇಲ್ಲದ ಒಂಟಿ ನ್ಯೂಟ್ರಾನ್ ನಕ್ಷತ್ರ, ಅಂದರೆ ದೊಡ್ಡ ನಕ್ಷತ್ರವೊಂದು ಸಿಡಿದ ಮೇಲೆ ಉಳಿದ ದಟ್ಟ ತಿರುಳು. ರೋಸ್ಯಾಟ್ ಉಪಗ್ರಹದಿಂದ ಸಿಕ್ಕ ಇಂಥ ಏಳಕ್ಕೆ ‘ಮ್ಯಾಗ್ನಿಫಿಸೆಂಟ್ ಸೆವೆನ್’ ಅಂತ ಹೆಸರು. ಇವು ವರ್ಷಗಟ್ಟಲೆ ಒಂದೇ ಸಮ ಹೊಳೆಯುತ್ತವೆ ಅಂತ ನಂಬಿಕೆ ಇತ್ತು. ಆದರೆ ಎಕ್ಸ್‌ಎಂಎಂ-ನ್ಯೂಟನ್ ಅನ್ನುವ ಎಕ್ಸ್-ರೇ ದೂರದರ್ಶಕ ಉಪಗ್ರಹ ನೋಡುತ್ತಿದ್ದ ಹಾಗೇ ಇದರ ಸ್ಪೆಕ್ಟ್ರಮ್ (ಯಾವ ಶಕ್ತಿಯ ಬೆಳಕು ಎಷ್ಟು ಅನ್ನುವ ಹಂಚಿಕೆ) ಬದಲಾಯಿತು. 2000ರಲ್ಲಿ ಸುಮಾರು 86 ಎಲೆಕ್ಟ್ರಾನ್‌ವೋಲ್ಟ್ ಇದ್ದ ತಾಪ 2004ರ ಹೊತ್ತಿಗೆ 94ರ ಹತ್ತಿರ ಬಂತು. ಅಂದರೆ 10 ಲಕ್ಷ ಕೆಲ್ವಿನ್ ಇದ್ದದ್ದು 11 ಲಕ್ಷದ ಹತ್ತಿರ. ಒಟ್ಟು ಹೊಳಪು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಇದನ್ನು ಓದಿ ನನಗೆ ನಿದ್ದೆ ಹತ್ತಿರಲಿಲ್ಲ.

ಈಗ ನನ್ನ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಎಕ್ಸ್‌ಎಂಎಂನ ಪಿಎನ್ ಕ್ಯಾಮೆರಾದ ಮುಂದೆ ಫಿಲ್ಟರ್ ಚಕ್ರ ಇದೆ. ಥಿನ್ ಫಿಲ್ಟರ್ ಅಂದರೆ 160 ನ್ಯಾನೋಮೀಟರ್ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 40 ನ್ಯಾನೋಮೀಟರ್ ಅಲ್ಯೂಮಿನಿಯಂ. ಮೀಡಿಯಂನಲ್ಲಿ ಹಾಳೆ ಅದೇ, ಅಲ್ಯೂಮಿನಿಯಂ 80. ಅಷ್ಟೇ ವ್ಯತ್ಯಾಸ. ಆದರೆ ಈ ನಕ್ಷತ್ರಗಳ ಬೆಳಕೆಲ್ಲ ಕಡಿಮೆ ಶಕ್ತಿಯದು. ಆ ತೆಳು ಲೇಪ ಮೊದಲು ತಿನ್ನುವುದೂ ಅದನ್ನೇ. ನಾನು ಇಳಿಸಿಕೊಂಡ ಎರಡು ವೀಕ್ಷಣೆಗಳಲ್ಲಿ ಮೊದಲನೆಯದು ಥಿನ್, ಎರಡನೆಯದು ಮೀಡಿಯಂ. ಫೈಲಿನ ಹೆಡರ್‌ನಲ್ಲೇ ‘ಫಿಲ್ಟರ್’ ಅಂತ ಒಂದು ಸಾಲು ಇರುತ್ತದೆ. ನಾನು ಅದನ್ನು ತೆರೆದೇ ನೋಡಲಿಲ್ಲ. ಜುಲೈ ತಿಂಗಳ ಮಳೆ, ಕರೆಂಟ್ ಇಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಒಂದೇ ಕ್ಯಾಮೆರಾ, ಒಂದೇ ನಕ್ಷತ್ರ ಅಲ್ವಾ ಅಂತ ಮೊದಲನೆಯದಕ್ಕೆ ಮಾಡಿದ್ದ ಎಆರ್‌ಎಫ್ ಫೈಲನ್ನೇ ಎರಡನೆಯದಕ್ಕೂ ಹಾಕಿಬಿಟ್ಟೆ. ಫಿಲ್ಟರ್ ಎಷ್ಟು ಬೆಳಕು ಬಿಡುತ್ತದೆ ಅನ್ನುವ ಲೆಕ್ಕ ಇರುವುದೇ ಆ ಫೈಲಿನಲ್ಲಿ! ಅದರ ಮೇಲೆ, ನಕ್ಷತ್ರಕ್ಕೂ ನಮಗೂ ನಡುವಿನ ಹೈಡ್ರೋಜನ್ ಎಷ್ಟು ಬೆಳಕು ಹೀರುತ್ತದೆ ಅನ್ನುವುದನ್ನು, ಮಾದರಿಯನ್ನು ಡೇಟಾಗೆ ಹೊಂದಿಸುವ ಫಿಟ್‌ನಲ್ಲಿ ಫ್ರೀಜ್ ಮಾಡಿದ್ದೆ, ಅಂದರೆ ಬದಲಾಗದ ಸಂಖ್ಯೆಯಾಗಿ ಇಟ್ಟಿದ್ದೆ. ಹಾಗಾಗಿ ಅಲ್ಯೂಮಿನಿಯಂ ತಿಂದ ಬೆಳಕಿನ ಲೆಕ್ಕವೆಲ್ಲ ತಾಪದ ಮೇಲೆ ಬಂತು. ಕಡಿಮೆ ಶಕ್ತಿಯ ಬೆಳಕು ಕಮ್ಮಿಯಾದದ್ದಕ್ಕೆ ನಕ್ಷತ್ರ ಬಿಸಿಯಾದಂತೆ ಕಂಡಿತು. ನಾನು ಕಾಯುತ್ತಿದ್ದದ್ದೂ ಅದೇ ಉತ್ತರಕ್ಕೆ. ಅದಕ್ಕೇ ಅನುಮಾನ ಬರಲಿಲ್ಲ.

ನಾಲ್ಕು ತಿಂಗಳು ಅದರ ಮೇಲೇ ಬರೆದೆ. ವೈವಾಗೆ ಹದಿನೈದು ದಿನ ಇರುವಾಗ ನಮ್ಮ ಗೈಡ್ ಪ್ರಿಂಟ್ ನೋಡಿ, “ಎರಡಕ್ಕೂ ಫಿಲ್ಟರ್ ಯಾವುದಪ್ಪಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಾಜೆಕ್ಟ್ ಮತ್ತೆ ಮೊದಲಿನಿಂದ, ಒಂದು ಸೆಮಿಸ್ಟರ್ ಹೋಯಿತು.

ಹಾಗಾಗಿ ಬೆಂಗಳೂರಾ ಚಿಕ್ಕಮಗಳೂರಾ ಅನ್ನುವ ಪ್ರಶ್ನೆಯನ್ನೇ ಬಿಡಿ. ಬೆಂಗಳೂರಿನಲ್ಲಿ ಕೂತಿದ್ದರೂ ನಾನು ಅದೇ ತಪ್ಪು ಮಾಡುತ್ತಿದ್ದೆ. ಎಕ್ಸ್-ರೇ ವಾತಾವರಣ ದಾಟಿ ಮುಳ್ಳಯ್ಯನಗಿರಿ ತುದಿಗೂ ಇಳಿಯುವುದಿಲ್ಲ. ಉಪಗ್ರಹದ ಡೇಟಾ ಇರುವುದು ನೆಟ್‌ನಲ್ಲಿ ಸಿಗುವ ಆರ್ಕೈವ್‌ನಲ್ಲಿ. ಸಾಮಾನ್ಯವಾಗಿ ಒಂದು ವರ್ಷ ಕಳೆದ ಮೇಲೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಿಮಗೆ ಬೇಕಾದದ್ದು ನೆಟ್, ಲಿನಕ್ಸ್ ಲ್ಯಾಪ್‌ಟಾಪ್, ಮತ್ತು ವಾರಕ್ಕೊಮ್ಮೆ ಫೋನಿನಲ್ಲಾದರೂ ನಿಮ್ಮ ಲಾಗ್ ಓದಿ ಇಂಥ ಪ್ರಶ್ನೆ ಕೇಳುವ ಒಬ್ಬರು. ಆ ಒಬ್ಬರನ್ನು ಹುಡುಕುವುದೇ ಕಷ್ಟ, ಓಡಾಡುವುದಿದ್ದರೆ ಅದಕ್ಕೆ ಓಡಾಡಿ.

ಇನ್ನೊಂದು ಮಾತು. ಬದಲಾಗುವ ನಕ್ಷತ್ರಕ್ಕೇ ನೇರವಾಗಿ ಕೈ ಹಾಕಬೇಡಿ. ಮೊದಲು ಆರ್‌ಎಕ್ಸ್ ಜೆ1856.5-3754 ತೆಗೆದುಕೊಳ್ಳಿ. ಅದು ಎಷ್ಟು ಸ್ಥಿರ ಅಂದರೆ ಉಪಕರಣದ ಪರೀಕ್ಷೆಗೇ ಬಳಸುತ್ತಾರೆ. ಅದೂ ಬದಲಾದಂತೆ ಕಂಡರೆ ತಪ್ಪು ನಿಮ್ಮ ಕಡೆಯದು ಅಂತ ಹುಡುಕಲು ಶುರುಮಾಡಿ. ಅದಕ್ಕೆ 7.06 ಸೆಕೆಂಡಿನ ಮಿಡಿತವೂ ಇದೆ, ಹೊಳಪಿನ ಏರಿಳಿತ ನೂರಕ್ಕೆ ಒಂದರಷ್ಟು ಮಾತ್ರ. ಅದನ್ನು ಹಿಡಿಯುವಷ್ಟರಲ್ಲಿ ಕೈ ಪಳಗಿರುತ್ತದೆ. ಆಮೇಲೆ 0720ಕ್ಕೆ ಬನ್ನಿ. ಅಂದಹಾಗೆ, ಇವತ್ತೇ ನಿಮ್ಮ ಫೈಲಿನ ಹೆಡರ್ ತೆರೆದು ಆ ಒಂದು ಸಾಲು ನೋಡಿಬಿಡಿ.